ಬೀಗದಂಗಡಿಯ ಮುಂದೆ ನೆವಿಸ್ ಹೇಳಿದ್ದು, ಹೇಳದೇ ಇದ್ದದ್ದು

ಹೆಸರು: ದಿಯೋಸೆಲಿನಾ ಪಾತೆರ್ನಿನಾ. ವಯಸ್ಸು: 46 ವರ್ಷ. ಕಸುಬು: ಬೀಗ ರಿಪೇರಿ. ವಾಸ: ಹಳೇ ಮಾರುಕಟ್ಟೆಯ ಹಿಂಭಾಗ, ಸಿನ್ಸೆಲೆಹೊ, ಕೊಲಂಬಿಯಾ.

ನಿನ್ನೆ ಮಂಗಳವಾರ ನನ್ನ ಅಂಗಡಿಯ ಮುಂದೆ ಒಬ್ಬ ವ್ಯಕ್ತಿ ಸತ್ತ ವಿಚಾರವಾಗಿ ಠಾಣೆಗೆ ಕರೆಸಿ ಕೇಳಿದ್ದಕ್ಕೆ ನನ್ನ ಉತ್ತರ ಹೀಗಿರುತ್ತದೆ.

ನಾನು ಹನ್ನೊಂದು ವರ್ಷಗಳಿಂದ ಮಾರುಕಟ್ಟೆಯ ದಕ್ಷಿಣ ಬಾಗಿಲಲ್ಲಿ ಬೀಗದಂಗಡಿ ನಡೆಸಿಕೊಂಡಿರುತ್ತೇನೆ. ಎರಡು ಮೀಟರ್ ದೂರದಲ್ಲಿ ನೆವಿಸ್ ಮೆರ್ಕಾದೊ ಎಂಬವಳು ಮೊಟ್ಟೆ ತುಂಬಿದ ಅರೆಪಾ ಎಂಬ ಮೆಕ್ಕೆಜೋಳದ ರೊಟ್ಟಿ ಕರಿದು ಮಾರುತ್ತಾಳೆ. ಅವಳ ತಮ್ಮ ಎವರ್ ಬಾಡಿಗೆಗೆ ಬೈಕ್ ಓಡಿಸುತ್ತಿದ್ದನು. ಭಾನುವಾರ ಬೆಳಿಗ್ಗೆ ಹೋದವನು ಮನೆಗೆ ಬಂದಿರಲಿಲ್ಲ. ಸೋಮವಾರ ನೆವಿಸ್ ಆಸ್ಪತ್ರೆಗಳನ್ನೆಲ್ಲ ಸುತ್ತಿದಳು. ಮಂಗಳವಾರ ಮತ್ತೆ ಒಲೆ ಹಚ್ಚಿದಳು. ಏಕೆಂದು ಕೇಳಿದ್ದಕ್ಕೆ, ಮನೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆ, ಇಲ್ಲಿ ಕುಳಿತರೆ ಹೋಗಿ ಬರುವ ಬೈಕುಗಳನ್ನಾದರೂ ನೋಡಬಹುದು ಎಂದಳು.

ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬನು ಕಪ್ಪು ಬೈಕ್ ತಂದನು. ಅವನ ಹೆಸರು ಯೈರ್ ಎಂದು ಠಾಣೆಯಲ್ಲಿ ತಿಳಿಯಿತು. ಬೈಕಿನ ಬಣ್ಣ ಹೊಸದು, ಇನ್ನೂ ವಾಸನೆ ಬರುತ್ತಿತ್ತು. ಸ್ಟಾರ್ಟ್ ಮಾಡುವ ಬೀಗವೂ ಹೊಸದು. ಹಳೇ ಕೀ ಕಳೆದಿದೆ, ಟ್ಯಾಂಕಿನ ಮುಚ್ಚಳ, ಪಕ್ಕದ ಪೆಟ್ಟಿಗೆ ಎರಡೂ ಹೊಸ ಕೀಗೇ ತೆರೆಯುವಂತೆ ಮಾಡಿಕೊಡಬೇಕು ಎಂದನು. ಇಂಥ ಕೆಲಸ ನನಗೆ ಆಗಾಗ ಬರುತ್ತದೆ. ಕಾಗದಪತ್ರ ಕೇಳುವ ರೂಢಿ ನನಗಿಲ್ಲ. ಅವನು ನೆವಿಸಳ ಬಳಿ ಅರೆಪಾ ಕೊಂಡು ತಿಂದನು. ಖಾರ ಸಾಲದು ಎಂದು ಅವಳನ್ನು ಛೇಡಿಸಿದನು.

ನಾನು ಟ್ಯಾಂಕಿನ ಬೀಗ ಕಳಚಿ, ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಹೊಸ ಕೀಯ ಹಲ್ಲಿಗೆ ಹೊಂದುವಂತೆ ಅರದಿಂದ ಉಜ್ಜಿ ಕೂರಿಸಿದೆ. ನಂತರ ಪೆಟ್ಟಿಗೆಯ ಬೀಗವನ್ನು ತಂತಿ ಹಾಕಿ ತೆರೆದೆ. ಒಳಗೆ ನೀಲಿ ಊಟದ ಡಬ್ಬಿ ಇತ್ತು. ಮುಚ್ಚಳದ ಮೇಲೆ ಉಗುರುಬಣ್ಣದಲ್ಲಿ ಬಿಡಿಸಿದ ಹೂವಿತ್ತು. ಭಾನುವಾರ ನೆವಿಸ್ ಅದನ್ನು ತಮ್ಮನಿಗೆ ಕೊಟ್ಟಿದ್ದನ್ನು ನಾನೇ ನೋಡಿದ್ದೆ. ನಾನು ಪೆಟ್ಟಿಗೆ ಮುಚ್ಚಲು ಹೋದೆ. ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು. ಬಂದು ಡಬ್ಬಿ ತೆರೆದಳು. ಒಳಗಿದ್ದ ಅರೆಪಾಗಳಲ್ಲಿ ಎವರ್ ಒಂದನ್ನೂ ತಿಂದಿರಲಿಲ್ಲ.

"ಈ ಡಬ್ಬಿ ನಂದು," ಎಂದಳು. "ನನ್ನ ತಮ್ಮ ಎಲ್ಲಿ?"

ಯೈರ್ ಸೊಂಟದಿಂದ ಪಿಸ್ತೂಲು ತೆಗೆದು, ಇಬ್ಬರೂ ಹಿಂದೆ ಸರಿಯಿರಿ ಎಂದನು. ನೆವಿಸ್ ತನ್ನ ಒಲೆಯವರೆಗೆ ಸರಿದಳು. ಕಾದ ಎಣ್ಣೆಯ ಬಾಣಲೆ ಎತ್ತಿ ಅವನ ಮುಖಕ್ಕೆ ಎರಚಿದಳು. ಅವನು ಗುಂಡು ಹಾರಿಸಿದನು. ಗುಂಡು ಅವಳ ಎಡಭುಜ ಸೀಳಿಕೊಂಡು ನನ್ನ ಶಟರಿಗೆ ಬಡಿಯಿತು. ಕೆಳಗೆ ಬಿದ್ದ ಪಿಸ್ತೂಲನ್ನು ನಾನು ಕಾಲಿನಿಂದ ಚರಂಡಿಗೆ ತಳ್ಳಿದೆ.

ಎದುರಿನ ಸ್ಟ್ಯಾಂಡಿನ ಬೈಕಿನವರು ಓಡಿ ಬಂದರು. ಎಲ್ಲರೂ ಎವರ್‌ನ ಜೊತೆಯವರು. ಯೈರನನ್ನು ಹೆಲ್ಮೆಟ್ಟುಗಳಿಂದ ಹೊಡೆದರು. ಸುಟ್ಟ ಮುಖಕ್ಕೇ ಒದ್ದರು. ಆಗ ನೆವಿಸ್ ಅವರ ಕಾಲುಗಳ ನಡುವೆ ನುಗ್ಗಿ ಅವನ ಮೇಲೆ ಅಡ್ಡ ಬಿದ್ದಳು. ಅವಳ ಬೆನ್ನಿಗೂ ಏಟುಗಳು ಬಿದ್ದವು.

"ಇವನು ಸತ್ರೆ ನನ್ನ ತಮ್ಮನ್ನ ಎಲ್ಲಿ ಅಂತ ಹುಡುಕ್ಲಿ? ದೂರ ಹೋಗ್ರೋ," ಎಂದಳು.

ಜನ ನಿಂತರು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಯ ರಕ್ತ ಒರೆಸಿ, ನೀರು ಕುಡಿಸಿದಳು. ನಿಜ ಹೇಳಿದರೆ ಯಾರೂ ಮುಟ್ಟದಂತೆ ಕಾಯುತ್ತೇನೆಂದು ತನ್ನ ತಾಯಿಯ ಮೇಲೆ ಆಣೆ ಇಟ್ಟಳು.

"ಇಟ್ಟಿಗೆ ಗೂಡಿನ ಹಿಂದೆ. ಬಾವೀಲಿ," ಎಂದನು.

"ಜೀವ ಇದೆಯಾ?"

"ಹಾಕೋವಾಗ ಇತ್ತು."

ನೆವಿಸ್ ಅವನ ತಲೆಯನ್ನು ನೆಲಕ್ಕಿಳಿಸಿದಳು. ಎದ್ದು, ಜನರ ನಡುವೆ ದಾರಿ ಬಿಡಿಸಿಕೊಂಡು ಇಟ್ಟಿಗೆ ಗೂಡಿನ ಕಡೆ ಓಡಿದಳು. ಯಾರಿಗೂ ಏನೂ ಹೇಳಲಿಲ್ಲ. ತಿರುಗಿಯೂ ನೋಡಲಿಲ್ಲ.

ಜನ ಮತ್ತೆ ಅವನ ಮೇಲೆ ಬಿದ್ದರು. ಒಬ್ಬನು ನನ್ನ ಬೆಂಚಿನ ಮೇಲಿದ್ದ ಕಬ್ಬಿಣದ ಸರಳಿಗೆ ಕೈ ಚಾಚಿದನು. ಅದು ನನ್ನ ಕೈಗೇ ಹತ್ತಿರವಿತ್ತು. ಅವನಿಗೆ ಸಿಗದಂತೆ ನಾನು ಅದನ್ನು ಹಿಡಿದುಕೊಳ್ಳಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಯೈರನ ಉಸಿರು ನಿಂತಿತ್ತು.

ಮಧ್ಯಾಹ್ನ ಎವರ್‌ನ ಹೆಣವನ್ನು ಬಾವಿಯಿಂದ ಎತ್ತಿದರು. ಕೈಯ ಉಗುರುಗಳು ಕಿತ್ತುಹೋಗಿದ್ದವು. ನೆವಿಸ್ ಆ ಕೈಗಳನ್ನು ಯಾರಿಗೂ ಕಾಣದಂತೆ ಬಟ್ಟೆಯಲ್ಲಿ ಸುತ್ತಿದಳು.

ಕೊಲ್ಲಲು ಹೇಳಿದವಳು ನೆವಿಸ್ ಅಲ್ಲವೇ ಎಂದು ನನ್ನನ್ನು ಮೇಲಿಂದ ಮೇಲೆ ಕೇಳಲಾಗಿದೆ. ಅವಳು ಹೇಳಲಿಲ್ಲ. ಕಾಯುತ್ತೇನೆ ಎಂದಿದ್ದಳು, ಕಾಯಲಿಲ್ಲ. ನಾನು ಕಂಡಿದ್ದು ಅಷ್ಟೇ. ಸರಳು ಎತ್ತಿದವನ ಹೆಸರು ನನಗೆ ಗೊತ್ತಿದೆ, ಆದರೆ ಬರೆಸುವುದಿಲ್ಲ. ಸರಳು ನನ್ನದು ಎಂದು ಬರೆದುಕೊಳ್ಳಿ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಒಂದು ಮಾತೂ ತೆಗೆಯುವುದಿಲ್ಲ.

ಸ್ಥಳ: ಸಿನ್ಸೆಲೆಹೊ
ದಿನಾಂಕ: 14 ಮಾರ್ಚ್ 2018
ಸಹಿ: ದಿಯೋಸೆಲಿನಾ ಪಾತೆರ್ನಿನಾ