ಮುದ್ದೆ ಬೇಡವೆಂದ ನೆಂಟರು

ಹ್ಞೂಂ ಅನ್ನಿ. ನೀವು ಹ್ಞೂಂ ಅಂದ್ರೆ ಕತೆ ನಡೀತದೆ, ಇಲ್ದಿದ್ರೆ ಅಲ್ಲೇ ಕುಂತ್ಕತದೆ.

ಒಂದು ಸೀಮೆ. ಯಾವ ಸೀಮೆ ಅಂತೀರಾ? ಊರಿಗೆ ಹೆಸರಿಡೋಕೆ ಮುಂಚಿನ ಮಾತು ಇದು. ಅಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಬಾಗಿಲಿಗೆ ಯಾರೇ ಬರಲಿ, ಮುದ್ದೆ ಸಾರು ಇಕ್ಕೋಳು. ಉಣ್ಣದೆ ಎದ್ದವರ ಮೇಲೆ ಕೆಂಡ ಕಾರೋಳು.

ಅವಳ ಮಗಳು ಚಿಕ್ಕಮಾದಿ ಬಸುರಿ, ತವರಿಗೆ ಬಂದಿದ್ಲು. "ಅವ್ವಾ, ಅವರೆಕಾಯಿ ಸಾರು ಉಣ್ಬೇಕು ಕಣವ್ವಾ" ಅಂದ್ಲು. ಬೇರೇನು ಇಕ್ಕಿದ್ರೂ ಕಕ್ಕೋಳು. ಬಯಕೆ ತೀರದಿದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತದೆ ಅಂತಾರಲ್ಲ! ಹೆತ್ತ ಕರುಳು ಸುಮ್ಕಿರ್ತದಾ? ಹಿತ್ತಲಲ್ಲಿ ಅವರೆ ಹೂ ಬಿಟ್ಟಿತ್ತು. ದೊಡ್ಡತಾಯಮ್ಮ ದಿನಾ ಮೂರು ಸಲ ಹೋಗಿ ನೋಡೋಳು.

ಒಂದಿನ ಸಗಣಿ ಹುಳ ಬಂತು. ಮುದ್ದೆ ಇಕ್ಕಿದ್ಲು. "ನಂಗೆ ಸಗಣಿನೇ ಪರಮಾನ್ನ ಕಣವ್ವಾ" ಅಂತು.

"ಥೂ! ನನ್ನ ಮುದ್ದೆಗಿಂತ ಸಗಣಿ ಹೆಚ್ಚಾಯ್ತಾ?" ಪೊರಕೆ ತಗಂಡು ಗುಡಿಸಿದ್ಲು.

ಮಾರನೇ ದಿನ ಕೊಂಬಿನ ಹುಳ ಬಂತು. ಮುದ್ದೆ ಇಕ್ಕಿದ್ಲು. "ನಮ್ಮ ಮಕ್ಕಳು ಕೊಳೆತ ಮರ ಬಿಟ್ಟು ಬೇರೆ ಮುಟ್ಟಲ್ಲ ಕಣವ್ವಾ" ಅಂತು. ಅದನ್ನೂ ಗುಡಿಸಿದ್ಲು.

ಮೂರನೇ ದಿನ ಗುಲಗಂಜಿ ಹುಳ. ಕೆಂಪು ಬೆನ್ನು, ಕರಿ ಚುಕ್ಕಿ. ಮುದ್ದೆ ಮೂಸಿ ಮುಖ ತಿರುಗಿಸ್ತು. ಅದು ಬಾಯಿ ಬಿಡೋಕೂ ಬಿಡದೆ ಗುಡಿಸಿದ್ಲು! ಹಾರಿ ಹಿತ್ತಲಿಗೆ ಹೋಯ್ತು.

ಕೇಳ್ರಪ್ಪ, ಆಮೇಲೆ ಬಂತು ಗ್ರಾಚಾರ. ಅವರೆ ತುದಿಗೆಲ್ಲ ಗಿಡದ ರಸ ಹೀರೋ ಕರೀ ಹೇನು. ಹೂ ಉದುರೋಕೆ ಶುರುವಾಯ್ತು. ಒಂದು ಬೆಳಿಗ್ಗೆ ಬೂದಿ ಎರಚಿದ್ಲು, ಹೋಗಲಿಲ್ಲ. ಇನ್ನೊಂದು ಬೆಳಿಗ್ಗೆ ಎರಚಿದ್ಲು, ಹೋಗಲಿಲ್ಲ. ಮೂರನೇ ಬೆಳಿಗ್ಗೆ ಮೊರದ ತುಂಬ ಬೂದಿ ಹಿಡ್ಕಂಡು ಅಳ್ತಾ ಹೋದ್ಲು. ಗಿಡದ ಮೇಲೆ ಅದೇ ಗುಲಗಂಜಿ ಹುಳ!

"ನನ್ನ ಮಗಳ ಬಯಕೇನೂ ತಿಂತೀಯಾ?" ಅಂತ ಕೈ ಎತ್ತಿದ್ಲು.

"ತಡಿಯವ್ವಾ! ಉಣ್ಣೋ ಎಲೆಗೆ ಬೂದಿ ಹಾಕ್ತಾರಾ?"

ಬಗ್ಗಿ ನೋಡಿದ್ಲು. ಹುಳ ಮುಕ್ಕುತಾ ಇದ್ದದ್ದು ಹೇನನ್ನ, ಹೂವನ್ನಲ್ಲ.

"ಅಯ್ಯೋ, ಇದಾ ನಿನ್ನ ಊಟ? ಅವತ್ತೇ ಹೇಳಬಾರದಿತ್ತಾ?"

"ನೀನು ಇಕ್ಕಿದೆ. ಏನು ಬೇಕು ಅಂತ ಕೇಳಿದ್ಯಾ?"

ಊಟ ತನ್ನಿಚ್ಛೆ ಅಂತ ಹಿರೀಕರು ಸುಮ್ನೆ ಅಂದ್ರಾ? ದೊಡ್ಡತಾಯಮ್ಮ ಮೊರ ಕೆಳಗಿಟ್ಟು ಕೈ ಮುಗಿದ್ಲು. "ತಪ್ಪಾಯ್ತು ತಾಯಿ. ನಿನ್ನ ಬಳಗಾನೂ ಕರಿ."

ಬಳಗ ಬಂತು, ಹೇನು ಹೋಯ್ತು, ಕಾಯಿ ಕಟ್ತು. ಚಿಕ್ಕಮಾದಿ ಮೂರು ಸಲ ಸಾರು ಬಡಿಸ್ಕಂಡು ಸೊರ್ ಅಂತ ಉಂಡ್ಲು. ಅವ್ವ ನೋಡಿ ಕಣ್ಣೊರೆಸ್ಕಂಡ್ಲು. ಕೂಸಿನ ಕಿವೀನೂ ಸೋರಲಿಲ್ಲ.

ಅಲ್ಲಿಂದಾಚೆಗೆ ದೊಡ್ಡತಾಯಮ್ಮ ತಿಪ್ಪೆ ಪಕ್ಕ ಒಂದು ಮಂಕರಿ ಸಗಣಿ ಬಿಡೋಳು, ಬೇಲಿಗೊಂದು ಕೊಳೆತ ದಿಮ್ಮಿ ಒರಗಿಸೋಳು. ಅವರೆಯ ಕೊನೇ ಸಾಲಿಗೆ ಬೂದಿ ಎರಚ್ತಿರಲಿಲ್ಲ.

"ಹೇನು ಸಾಕ್ತಿದ್ದೀಯೇನೇ?" ಅಂತ ನೆರೆಯವಳು ನಕ್ಳು.

"ಅದು ನೆಂಟರ ಎಡೆ ಕಣೇ" ಅಂದ್ಲು.

ಅವಳ ಅವರೆ ಅವಳಿಗೆ, ಕತೆ ನಿಮಗೆ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮಜ್ಜಿಗೆ ತರೋಕೆ ಎದ್ದೇಬಿಟ್ರಾ? ಕುಂತ್ಕಳಿ, ಮೊದಲು ಏನು ಬೇಕು ಅಂತ ಕೇಳಿ!