ಎರಡು ಹಲ್ಲಿನ ಕೂಸಿನ ಊಟ

ಈ ಸಂಜೆಯ ಅಧ್ಯಕ್ಷರಾದ ಕೊರಗಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮಕ್ಕಳ ವೈದ್ಯೆ ಡಾಕ್ಟರ್ ಧಾತ್ರಿಯವರೇ, ಇಂದಿನ ಸನ್ಮಾನಿತೆಯೂ ನನ್ನ ಸೊಸೆಯೂ ಆದ ವಂದನಾ, ತಾಯಂದಿರೇ, ಅವರ ತೊಡೆಯ ಮೇಲೆ ಕೂತು ಈಗಾಗಲೇ ಆಕಳಿಸುತ್ತಿರುವ ಪುಟ್ಟ ಸಭಿಕರೇ, ಲೋಕಲ್ ರೈಲು ತಪ್ಪಿ ತಡವಾಗಿ ಬಂದು ಬಾಗಿಲಲ್ಲೇ ನಿಂತಿರುವ ಮಹನೀಯರೇ,

ಸೊಸೆಯ ಸನ್ಮಾನಕ್ಕೆ ಮಾವನಿಂದ ಭಾಷಣ ಮಾಡಿಸುವುದು ಯಾವ ನ್ಯಾಯ? ಹೊಗಳಿದರೆ ಮನೆಮಂದಿಯ ಹೊಗಳಿಕೆ ಎನ್ನುತ್ತೀರಿ. ಹೊಗಳದಿದ್ದರೆ ನಾಳೆಯಿಂದ ನನಗೆ ಚಹಾ ಇಲ್ಲ. ಆದರೂ ಒಪ್ಪಿಕೊಂಡೆ. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದ ಈ ಅಣವೀರಪ್ಪ ಮಾಸ್ತರನಿಗೆ ಮೈಕು ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ.

ವಂದನಾ ಮಾಡಿದ್ದೇನು? ಹಲ್ಲು ಈಗಷ್ಟೇ ಮೂಡುತ್ತಿರುವ ಕೂಸುಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ಊಟ ಕೊಡುವುದು ಹೇಗೆಂದು ಮುಂಬಯಿಯ ಈ ಗೋರೆಗಾಂವಿನ ತಾಯಂದಿರಿಗೆ ಪ್ರತಿ ಶನಿವಾರ ಕಲಿಸಿದಳು. ಇದನ್ನೂ ಕಲಿಸಬೇಕೇ ಎಂದು ನಾನು ನಕ್ಕಿದ್ದೆ. ವಿಜಯಪುರದ ಕಡೆ ನಮ್ಮ ಅವ್ವಂದಿರು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಬಾಯಿಗಿಟ್ಟರು, ನಾವು ಬೆಳೆಯಲಿಲ್ಲವೇ? ವಂದನಾ ಬೇಯಿಸಿದ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ತುಂಡೊಂದನ್ನು ನನ್ನ ಕೈಗೆ ಕೊಟ್ಟಳು. "ಪಪ್ಪಾ, ಎರಡು ಬೆರಳಿನಾಗ ಒತ್ರಿ. ನುಗ್ಗಾದ್ರ ಓಕೆ. ನುಗ್ಗಾಗಲಿಲ್ಲಂದ್ರ ಕೂಸಿಗೆ ಬ್ಯಾಡ" ಎಂದಳು. ಒತ್ತಿದೆ, ನುಗ್ಗಾಯಿತು. ಉಳಿದದ್ದನ್ನು ನಾನೇ ತಿಂದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹಲ್ಲಿಲ್ಲದವರು ಇಬ್ಬರು, ನಾನು ಮತ್ತು ಮೊಮ್ಮಗಳು ನೀಲಾ. ನನ್ನ ಕಟ್ಟುಹಲ್ಲಿಗೂ ಅವಳ ಎರಡು ಹಲ್ಲಿಗೂ ಒಂದೇ ತಟ್ಟೆ ಸಾಕು.

ಗೆಣಸನ್ನು ಬೇಯಿಸಿ ಬೆರಳುದ್ದ ಕತ್ತರಿಸಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಬೇಕು. ಶೇಂಗಾ, ಪುಟಾಣಿ ಎನ್ನುವ ಹುರಿಗಡಲೆ, ಹಸಿ ಗಜ್ಜರಿ ಬೇಡವೇ ಬೇಡ. ಕೂಸು ನೆಟ್ಟಗೆ ಕೂತಿರಬೇಕು, ಎದುರಿಗೆ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಕೂತಿರಬೇಕು. ಎಷ್ಟು ಸರಳವಾದ ಮಾತುಗಳು! ಇಷ್ಟು ಸರಳವಾದದ್ದನ್ನು ನಮಗೆ ಯಾರೂ ಏಕೆ ಹೇಳಲಿಲ್ಲ?

ಸಂಕ್ರಾಂತಿಯ ದಿನದ ಮಾತು ಹೇಳಿಬಿಡುತ್ತೇನೆ. ಪಕ್ಕದ ಮರಾಠಿ ಮಂದಿ ಬೋರನ್ಹಾಣ ಎನ್ನುತ್ತಾರೆ, ನಾವು ಕರಿ ಎರೆಯುವುದು ಎನ್ನುತ್ತೇವೆ. ಕೂಸನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು, ಶೇಂಗಾ, ಚುರುಮುರಿ ಸುರಿಯುವುದು. ನೀಲಾಳಿಗೆ ಮೊದಲ ಸಂಕ್ರಾಂತಿ. ನನ್ನ ಹೆಂಡತಿ ನಾಗವ್ವನಿಗೆ ಆಸೆ. ಬರೀ ಚುರುಮುರಿ, ಹೂವಿನ ಎಸಳು ಎಂದು ವಂದನಾ ಹೇಳಿದ್ದಳು, ನಾಗವ್ವ ಹಾಗೆಯೇ ಮಾಡಿದಳು. ಆದರೆ ಕರಿ ಎರೆಯುವುದೆಂದರೆ ಇಡೀ ಬಿಲ್ಡಿಂಗೇ ಬರುತ್ತದೆ, ಬಂದವರೆಲ್ಲ ತಮ್ಮದೂ ಒಂದು ಮುಷ್ಟಿ ಸುರಿಯುತ್ತಾರೆ. ಯಾರ ಮುಷ್ಟಿಯಲ್ಲಿ ಏನಿತ್ತೆಂದು ಯಾರು ನೋಡುತ್ತಾರೆ?

ನಗುತ್ತಿದ್ದ ಕೂಸು ಸುಮ್ಮನಾಯಿತು. ಅಳಲಿಲ್ಲ, ಕೆಮ್ಮಲಿಲ್ಲ. ತುಟಿ ನೀಲಿಯಾಯಿತು. "ದೃಷ್ಟಿ ಆತು" ಎನ್ನುತ್ತ ನಾಗವ್ವ ಉಪ್ಪು, ಮೆಣಸಿನಕಾಯಿ ತರಲು ಒಳಗೆ ಓಡಿದಳು. ವಂದನಾ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನ ನಡುವೆ ಅಂಗೈಯಿಂದ ಗುದ್ದಿದಳು. ಶೇಂಗಾದ ಒಂದು ಹೋಳು ಮಣೆಯ ಮೇಲೆ ಬಿತ್ತು. ನೀಲಾ ಚೀರಿದಳು. "ಪಪ್ಪಾ, ಗಂಟಲಿಗೆ ಸಿಕ್ಕಿದ್ರ ಆವಾಜ್ ಬರಂಗಿಲ್ಲ. ಈಗ ಆವಾಜ್ ಬಂತಲ್ಲ, ಟೆನ್ಶನ್ ಬ್ಯಾಡ್ರಿ" ಎಂದಳು ವಂದನಾ. ಆಮೇಲೆ ಕೂತು ಅತ್ತಳು.

ಅಷ್ಟರಲ್ಲಿ ನಾಗವ್ವ ಮುಷ್ಟಿ ತುಂಬ ಉಪ್ಪು ಹಿಡಿದು ಬಂದಳು. ಮಣೆಯ ಮೇಲಿನ ಶೇಂಗಾ ನೋಡಿದಳು. "ಶರಣನೂ ಹಿಂಗ ಸುಮ್ಮನಾಗಿದ್ದನಲ್ರೀ" ಎಂದಳು.

ಕೊರಗಪ್ಪನವರೇ, ಚೀಟಿ ಕಳಿಸಬೇಡಿ. ಇದನ್ನು ಹೇಳಲೆಂದು ನಾನು ಬಂದವನಲ್ಲ, ಮಾತು ತಾನೇ ಇಲ್ಲಿಗೆ ಎಳೆದು ತಂದಿತು. ಶರಣ ನಮ್ಮ ಚೊಚ್ಚಲ ಮಗ. ಸಾಂತಾಕ್ರೂಜಿನಲ್ಲಿ ಒಂದೊಂದೇ ಕೋಣೆಯ ಸಾಲುಮನೆಗಳ ಚಾಳಿನಲ್ಲಿದ್ದಾಗ ಹುಟ್ಟಿದವನು, ನೀಲಾಳಷ್ಟೇ ಇದ್ದ. ನಾಗವ್ವ ಹೋಳಿಗೆಗೆಂದು ಶೇಂಗಾ ಹುರಿದು ಸಿಪ್ಪೆ ಬಿಡಿಸುತ್ತಿದ್ದಳು, ಕೂಸು ಪಕ್ಕದಲ್ಲೇ ಆಡುತ್ತಿತ್ತು. ಇದ್ದಕ್ಕಿದ್ದಂತೆ ಸುಮ್ಮನಾಯಿತು. ಚಾಳಿನ ಹೆಂಗಸರೆಲ್ಲ ಸೇರಿ ದೃಷ್ಟಿ ಎಂದರು, ಉಪ್ಪು ಇಳಿಸಿದರು, ದಾರ ಕಟ್ಟಿದರು. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವು ದೃಷ್ಟಿ ಎಂದೇ ನಂಬಿದೆವು. ಆಮೇಲೆ ಹುಟ್ಟಿದ ಮಗ, ವಂದನಾಳ ಗಂಡ ಕಿಶೋರನಿಗೂ ಹಾಗೆಯೇ ಹೇಳಿ ಬೆಳೆಸಿದೆವು. ಸುಳ್ಳೇ ಇರಬಹುದು, ಆದರೆ ಆ ನಂಬಿಕೆ ಹಿಡಿದುಕೊಂಡು ನಲವತ್ತು ವರ್ಷ ಬದುಕಿದೆವು. ಕಣ್ಣು ಹಾಕಿದವರನ್ನು ಶಪಿಸಿದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ಶಪಿಸಲು ಯಾರೂ ಉಳಿದಿಲ್ಲ. ದೃಷ್ಟಿಯ ಮೇಲೆ ಹಾಕಿದ್ದ ತಪ್ಪನ್ನೆಲ್ಲ ನಾಗವ್ವ ತನ್ನ ಕೈಗೆ ಕಟ್ಟಿಕೊಂಡಿದ್ದಾಳೆ. ನೀಲಾಳ ಗೆಣಸು ಅವಳೇ ಬೇಯಿಸುತ್ತಾಳೆ, ಅವಳೇ ಕತ್ತರಿಸುತ್ತಾಳೆ, ಕೊಡುವ ಹೊತ್ತಿಗೆ ಬೇರೆಯವರನ್ನು ಕರೆಯುತ್ತಾಳೆ. "ನನ್ನ ಕೈ ಬ್ಯಾಡ" ಎನ್ನುತ್ತಾಳೆ. ಕಿಶೋರ ಹೇಳಿದ, ವಂದನಾ ಕಾಲು ಹಿಡಿದಳು. ಆ ದಿನದಿಂದ ಈವರೆಗೆ ಅಜ್ಜಿಯ ಕೈಯಿಂದ ಒಂದು ತುತ್ತೂ ಮೊಮ್ಮಗಳಿಗೆ ಸಿಕ್ಕಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ.

ಕೊನೆಯ ಸಾಲಿನಲ್ಲಿ ಅಳುತ್ತಿರುವುದು ನಮ್ಮ ನೀಲಾ. ಅವಳ ಊಟದ ಹೊತ್ತಾಯಿತು. ಎತ್ತಿಕೊಂಡು ಕೂತವಳು ನಾಗವ್ವ. ಕಿಶೋರ ಇನ್ನೂ ಬಾಂದ್ರಾದ ಆಫೀಸಿನಿಂದ ಬಂದಿಲ್ಲ. ವಂದನಾ, ನೀನು ಏಳಬೇಡ, ಸನ್ಮಾನಿತರು ಕೂತಿರಬೇಕು.

ನಾಗವ್ವ, ಗೆಣಸಿನ ಡಬ್ಬಿ ನಿನ್ನ ಚೀಲದಾಗ ಐತಿ. ತೆರಿ. ಬಾಯಿಗೆ ಇಡಬ್ಯಾಡ. ಅಂಗೈ ಮ್ಯಾಲೆ ಇಟ್ಟು ಹಿಡಿ, ಅಷ್ಟು ಸಾಕು. ಅಕಿ ತಾನ ತಗೋತಾಳ.

ಸಭಿಕರೇ, ದಯವಿಟ್ಟು ಯಾರೂ ಹಿಂದಿರುಗಿ ನೋಡಬೇಡಿ. ನೋಡಿದರೆ ಅವಳ ಕೈ ನಿಂತುಬಿಡುತ್ತದೆ. ನನ್ನನ್ನೇ ನೋಡಿ, ನಾನು ಮಾತಾಡುತ್ತಿರುತ್ತೇನೆ. ಏನು ಹೇಳಲಿ? ಬಾಳೆಹಣ್ಣು ಚೆನ್ನಾಗಿ ಮಾಗಿರಬೇಕು. ಇಡ್ಲಿಯನ್ನೂ ಬೆರಳುದ್ದ ಕತ್ತರಿಸಿ ಕೊಡಬಹುದು. ಡಬ್ಬಿ ತೆರೆದಳು. ಪರಂಗಿ ಹಣ್ಣು ಜಾರುತ್ತದೆ, ದೊಡ್ಡ ತುಂಡು ಮಾಡಬೇಕು. ತುಂಡೊಂದನ್ನು ಅಂಗೈ ಮೇಲೆ ಇಟ್ಟುಕೊಂಡಳು. ಡಾಕ್ಟರ್ ಧಾತ್ರಿಯವರೇ, ನಾನು ತಪ್ಪು ಹೇಳಿದರೆ ತಿದ್ದಿ.

ನೀಲಾ ತೆಗೆದುಕೊಂಡಳು. ತಿನ್ನುತ್ತಿದ್ದಾಳೆ. ಅಜ್ಜಿಯ ಸೀರೆಗೆಲ್ಲ ಬಳಿದಳು.

ಆಗ ನಮ್ಮ ಚಾಳಿಗೂ ಯಾರಾದರೂ ಒಂದು ಶನಿವಾರ ಬಂದು ಇಷ್ಟು ಹೇಳಿದ್ದರೆ ಶರಣನ ಮಕ್ಕಳೂ ಇವತ್ತು ಈ ಸಭಾಂಗಣದಲ್ಲಿ ಗದ್ದಲ ಮಾಡುತ್ತಿದ್ದರು. ಅದು ಆಗಲಿಲ್ಲ. ವಂದನಾ, ನೀನು ತಡವಾಗಿ ನಮ್ಮ ಮನೆಗೆ ಬಂದೆ, ಅದೊಂದೇ ನಿನ್ನ ಮೇಲೆ ನನ್ನ ದೂರು.

ನಾಗವ್ವ ಇನ್ನೊಂದು ತುಂಡು ಅಂಗೈಗೆ ಇಟ್ಟುಕೊಳ್ಳುತ್ತಿದ್ದಾಳೆ. ಈ ಸಲ ನಾನು ಹೇಳಲಿಲ್ಲ. ಇನ್ನು ನಾನು ಮಾತು ನಿಲ್ಲಿಸಬಹುದು. ನನ್ನನ್ನು ಕರೆದ ಈ ಕನ್ನಡ ಬಳಗಕ್ಕೆ, ತಾಳಿಕೊಂಡ ಅಧ್ಯಕ್ಷರಿಗೆ, ಹಿಂದಿರುಗಿ ನೋಡದೆ ಕೂತ ನಿಮಗೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.