ಒಂದೇ ಸಲ ಕೂಗಿದವಳು

ಒಂದೂರಲ್ಲಿ ಒಬ್ಬ ಸಾಹುಕಾರ. ಕತೆಗಳಲ್ಲಿ ಯಾವಾಗಲೂ ಸಾಹುಕಾರನೇ ಯಾಕೆ ಬರುತ್ತಾನೆ ಎಂದು ನೀವು ಕೇಳಬಹುದು. ಈ ಕತೆಗೆ ಅವನೇ ಬೇಕು. ಬಡವನ ಮನೆಯಲ್ಲಿ ಒಬ್ಬರನ್ನು ಬಚ್ಚಿಡುವಷ್ಟು ಕೋಣೆಗಳು ಎಲ್ಲಿರುತ್ತವೆ ಹೇಳಿ?

ಅವನದು ಹತ್ತಿ ವ್ಯಾಪಾರ. ದೊಡ್ಡ ಮನೆ. ಹಿಂದುಗಡೆ ಹತ್ತಿ ತುಂಬಿಡುತ್ತಿದ್ದ ಒಂದು ಕೋಣೆ, ಅದಕ್ಕೆ ಹೊರಗಿನಿಂದ ಚಿಲಕ. ಈಗ ಅದರಲ್ಲಿ ಹತ್ತಿ ಇಲ್ಲ. ಅವನ ಸ್ವಂತ ತಂಗಿ ಇದ್ದಾಳೆ. ಹೆರಿಗೆಗೆಂದು ತವರಿಗೆ ಬಂದವಳು. ಕೂಸು ಉಳಿಯಲಿಲ್ಲ. ಆಮೇಲೆ ಅವಳು ಉಣ್ಣಲಿಲ್ಲ, ಮಲಗಲಿಲ್ಲ, ಗೋಡೆಗೆ ಮುಖ ಮಾಡಿ ಕೂತಳು. ಗಂಡನ ಮನೆಯವರು ತಿರುಗಿ ನೋಡಲಿಲ್ಲ. ಮನೆಯವರು ದೆವ್ವ ಹೊಕ್ಕಿದೆ ಅಂದರು, ಚಿಲಕ ಹಾಕಿದರು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಹೇಳುವವರಿಲ್ಲ. ‘ಒಳಗಿಂದು’ ಅನ್ನುತ್ತಾರೆ. ‘ಒಳಗಿಂದಕ್ಕ ಊಟ ಸರಿಸಿದ್ರೇನು?’ ಅಷ್ಟೇ.

ಆ ಊರಿಗೆ ಒಂದು ನಂಬಿಕೆ ಇತ್ತು. ನಿಮ್ಮ ಅಜ್ಜಿಯೂ ಹೇಳಿರಬಹುದು. ಹೊತ್ತು ಮುಳುಗಿದ ಮೇಲೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದೇ ಕೂಗಿಗೆ ‘ಓ’ ಅನ್ನಬಾರದು. ದೆವ್ವ ಒಂದೇ ಸಲ ಕೂಗುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಮೂರನೆಯ ಕೂಗಿಗೆ ಓಗೊಡಬೇಕು. ಊರವರಿಗೆ ಇದು ಕತ್ತಲಾದ ಮೇಲಿನ ಮಾತಾಗಿತ್ತು. ಸಾಹುಕಾರನ ಮನೆಯಲ್ಲಿ ಮಾತ್ರ ಚಿಲಕ ಬಿದ್ದ ದಿನದಿಂದ ಅದು ಹಗಲಿಗೂ ಬಂದುಬಿಟ್ಟಿತು. ನೋಡಿ, ಭಯ ಅನ್ನುವುದು ಹಾಗೇ. ಮೊದಲು ಒಂದು ಮೂಲೆ ಕೇಳುತ್ತದೆ, ಆಮೇಲೆ ಇಡೀ ಮನೆ ಕೇಳುತ್ತದೆ.

ಒಂದು ದಿನ ಆ ಊರಿನ ಶಾಲೆಗೆ ಒಬ್ಬ ಹೆಣ್ಣುಮಗಳು ಭಾಷಣಕ್ಕೆ ಬಂದಳು. ಅವಳು ಅನುವಾದಕಿ. ಮರಾಠಿ, ತೆಲುಗು, ಉರ್ದು ಕತೆಗಳನ್ನು ಕನ್ನಡಕ್ಕೆ ತರುವವಳು. ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು. ಊರೂರು ತಿರುಗಿ ಮನಸ್ಸಿನ ಕಾಯಿಲೆಯ ಬಗ್ಗೆ ಹೇಳುವುದು, ಕಟ್ಟಿಹಾಕಿದವರನ್ನು ಬಿಡಿಸಿ ಡಾಕ್ಟರ ಹತ್ತಿರ ಮುಟ್ಟಿಸುವುದು. ವೇದಿಕೆಯ ಮೇಲೆ ನಿಂತು ಮುಚ್ಚುಮರೆ ಇಲ್ಲದೆ ಹೇಳಿದಳು: “ನಾನೂ ಗೋಡೆ ನೋಡ್ಕೋತ ಕುಂತಾಕೀನ. ನನಗೂ ಜಡ್ಡ ಬಂದಿತ್ತು. ಗುಳಿಗಿ ನುಂಗೇನಿ, ಎದ್ದು ನಿಂತೇನಿ. ಮೈಗೆ ಜಡ್ಡ ಬಂದ್ರ ನಾಚತೀರೇನು? ಮನಸಿಗೆ ಬಂದ್ರ ಯಾಕ ನಾಚತೀರಿ?”

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಯಾರು? ಸಾಹುಕಾರ. ಶಾಲು ಹೊದಿಸಿದವನೂ ಅವನೇ. ನಗಬೇಡಿ. ನಾವೂ ಹೀಗೇ ಇಲ್ಲಿ ಪ್ರವಚನದಲ್ಲಿ ಕೂತು ತಲೆದೂಗುತ್ತೇವೆ, ಮನೆಗೆ ಹೋಗಿ ಚಿಲಕ ಹಾಕುತ್ತೇವೆ.

ಶಾಲು ಹೊದಿಸಿ ಕಿವಿಯ ಹತ್ತಿರ ಬಂದು ಕೇಳಿದ: “ಅಕ್ಕಾರ, ನಾಕೈದು ಭಾಷಾ ಬಲ್ಲವರು ನೀವು. ನಮ್ಮ ಮನ್ಯಾಗ ಒಂದು ದೆವ್ವ ಐತ್ರಿ. ಏನೋ ಮಾತಾಡತೈತಿ, ಒಬ್ಬರಿಗೂ ತಿಳೀವಲ್ದು. ಯಾವ ಭಾಷಾ ಅಂತ ಒಂಚೂರು ಕೇಳಿ ಹೇಳ್ರಿ.”

“ಕೇಳಿ ಏನ್ ಮಾಡತೀರಿ?”

“ಯಾವ ಸೀಮಿ ದೆವ್ವ ಅಂತ ತಿಳದ್ರ ಆ ಸೀಮಿ ಮಂತ್ರವಾದಿನ್ನ ಕರಸತೇನ್ರಿ. ಇಲ್ಲಿ ಮಂದಿ ಬೈದ್ರ ಅದಕ್ಕ ತಿಳ್ಯಾಂಗಿಲ್ಲ ನೋಡ್ರಿ.”

ವ್ಯಾಪಾರಿಯ ಬುದ್ಧಿ! ದೆವ್ವಕ್ಕೂ ದಲ್ಲಾಳಿ ಹುಡುಕುತ್ತಿದ್ದಾನೆ. ಅವಳಿಗೆ ಒಳಗಿರುವುದು ಏನು ಎಂದು ಆಗಲೇ ಹೊಳೆಯಿತು. ಬರುತ್ತೇನೆ ಅಂದಳು.

ನಡುಮಧ್ಯಾಹ್ನ. ನೆರಳು ಕಾಲಡಿ ಸೇರುವಂಥ ಬಿಸಿಲು. ಸಾಹುಕಾರ ತನ್ನ ಮನೆಯ ಬಾಗಿಲಲ್ಲೇ ನಿಂತು ಕೂಗಿದ, “ಬಾಗ್ಲಾ ತಗೀರಿ.” ಒಳಗೆ ಬಳೆಯ ಸಪ್ಪಳ ಕೇಳಿಸಿತು. ಯಾರೋ ಬಾಗಿಲಿನ ಆಚೆಗೇ ಬಂದು ನಿಂತರು. ಬಾಗಿಲು ತೆರೆಯಲಿಲ್ಲ. “ಬಾಗ್ಲಾ ತಗೀರಿ.” ಆಚೆ ನಿಂತವರ ಉಸಿರು ಕೇಳುತ್ತಿತ್ತು. “ಬಾಗ್ಲಾ ತಗೀರಿ.” ಬಾಗಿಲು ತೆರೆಯಿತು. ಅವನ ಹೆಂಡತಿ ನಗುತ್ತ ನಿಂತಿದ್ದಳು. “ಬರ್ರಿ ಅಕ್ಕಾರ.”

ಒಳಗೆ ಹೋದರೆ ಮನೆಯ ತುಂಬ ಅದೇ. “ತಾಟ ತಾ. ತಾಟ ತಾ. ತಾಟ ತಾ.” ಮೂರನೆಯದಕ್ಕೆ ಅಡುಗೆಯವಳು ತಟ್ಟೆ ತರುತ್ತಾಳೆ. ಮೂಲೆಯಲ್ಲಿ ಕೂತ ಮುದುಕಿ, ಸಾಹುಕಾರನ ತಾಯಿ, “ಕೋಲು. ಕೋಲು. ಕೋಲು” ಅನ್ನುತ್ತಾಳೆ. ಸಿಟ್ಟಿಲ್ಲ, ಆತುರವಿಲ್ಲ, ಮೂರೂ ಸಲ ಒಂದೇ ದನಿ. ಯಾರಿಗೂ ಇದು ವಿಚಿತ್ರ ಅನಿಸುತ್ತಿರಲಿಲ್ಲ.

ಸಾಹುಕಾರ ಅವಳನ್ನು ಹಿಂದಿನ ಕೋಣೆಯ ಹತ್ತಿರ ಕರೆದುಕೊಂಡು ಹೋದ. ಬಾಗಿಲ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಇಬ್ಬರೂ ನಿಂತರು. ಒಳಗಿನಿಂದ ಒಂದು ದನಿ ಬಂತು, ಮೆಲ್ಲಗೆ, ಒಂದೇ ಒಂದು ಸಲ:

“ಅಲ್ಲಿ ಯಾರರ ಅದೀರೇನು?”

ಆಮೇಲೆ ಏನೂ ಇಲ್ಲ.

“ಯಾವ ಭಾಷಾ ರೀ ಅಕ್ಕಾರ?”

“ಸಾಹುಕಾರ್ರ, ಇದು ಕನ್ನಡ.”

“ಏ, ಚಾಷ್ಟಿ ಮಾಡಬ್ಯಾಡ್ರಿ. ಕನ್ನಡ ಆಗಿದ್ರ ನಮಗ ತಿಳೀತಿದ್ದಿಲ್ಲೇನು?”

“ಅಲ್ಲಿ ಯಾರರ ಅದೀರೇನು ಅಂತ ಕೇಳಿದ್ರು. ಇದಕ್ಕ ಅನುವಾದ ಬೇಕೇನ್ರಿ?”

ಸಾಹುಕಾರ ಅವಳ ಮುಖವನ್ನೇ ನೋಡಿದ. ಅವನು ಸುಳ್ಳು ಹೇಳುತ್ತಿರಲಿಲ್ಲ, ನೋಡಿ. ಅದೇ ಹೆದರಿಕೆಯ ಸಂಗತಿ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ಹುಚ್ಚರ ಮಾತಿಗೆ ಅರ್ಥವಿಲ್ಲ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ತಾಯ್ನುಡಿಯೂ ಪರದೇಶದ ಮಾತಾಗುತ್ತದೆ.

ಅವಳು ‘ಓ’ ಅನ್ನಲು ಬಾಯಿ ತೆರೆದಳು. ಸಾಹುಕಾರ ಎರಡೂ ಕೈ ಅಡ್ಡ ಹಿಡಿದ. “ಅನಬ್ಯಾಡ್ರೀ! ಒಂದ ಕೂಗಿಗೆ ಓ ಅಂದವರ ಮ್ಯಾಲ ಅದು ಏರತೈತಿ!” ಅವಳ ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಒಳಗಿನ ಆ ದನಿ ಹಿಂದೆ ಗೋಡೆ ನೋಡುತ್ತ ಕೂತ ತನ್ನದೇ ದನಿಯಂತೆ ಅವಳಿಗೆ ಕೇಳಿಸಿತ್ತು. ಓ ಅಂದರೆ ಮತ್ತೆ ಅಲ್ಲಿಗೇ ಹೋಗಿಬಿಡುತ್ತೇನೋ ಎಂದು ಅಂಜಿದಳು. ಹೌದು, ವೇದಿಕೆಯ ಮೇಲೆ ಅಷ್ಟು ಹೇಳಿದವಳೇ. ಸುಮ್ಮನೆ ಬಂದು ಊಟಕ್ಕೆ ಕೂತಳು.

ಎಲ್ಲರೂ ಕೂತರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಮುದುಕಿ ರೊಟ್ಟಿ ಮುರಿದು ಬಾಯಿಗೆ ಇಟ್ಟಳು. ಒಣ ಚೂರು ಗಂಟಲಿಗೆ ಸಿಕ್ಕಿತು.

“ನೀ...ರು.”

ಯಾರೂ ಏಳಲಿಲ್ಲ. ಮಗ ತುತ್ತು ಕೈಯಲ್ಲಿ ಹಿಡಿದುಕೊಂಡು ಕೂತ. ಸೊಸೆ ತಂಬಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಎರಡನೆಯ ಕೂಗಿಗೆ ಕಾಯುತ್ತಿದ್ದರು. ಮುದುಕಿಯ ಕಣ್ಣು ಹೊರಗೆ ಬಂತು, ತುಟಿ ಕಪ್ಪಿಟ್ಟಿತು, ಕೈ ನೆಲ ಬಡಿಯಿತು. ಅವರು ಪ್ರೀತಿಯಿಂದಲೇ ಕಾಯುತ್ತಿದ್ದರು! ಅವ್ವ ಇನ್ನೊಮ್ಮೆ ಕೂಗಲಿ, ಅವ್ವ ಅವ್ವನೇ ಹೌದು ಎಂದು ಖಾತ್ರಿಯಾಗಲಿ.

ಅನುವಾದಕಿ ಜಿಗಿದು ಎದ್ದಳು. ಮುದುಕಿಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಚೂರು ಹೊರಬಿತ್ತು. ತಂಬಿಗೆ ಕಸಿದುಕೊಂಡು ನೀರು ಕುಡಿಸಿದಳು. ಈಗ ಅವಳ ದನಿ ಹೊರಟಿತು:

“ಅವ್ವಾರಿಗೆ ಎರಡನೇ ಸಲ ಕೂಗಾಕ ಉಸಿರ ಇದ್ದಿದ್ದಿಲ್ಲರೀ! ಉಸಿರ ಇಲ್ಲದವರು ಒಂದ ಸಲ ಕೂಗತಾರ!”

ಮುದುಕಿ ಬಹಳ ಹೊತ್ತು ಉಸಿರಾಡಿಕೊಂಡಳು. ಆಮೇಲೆ ತನ್ನಷ್ಟಕ್ಕೆ ತಾನೇ ಹೇಳಿದಳು: “ಮೊದಲ ಮೊದಲ ಆಕಿ ಮೂರ ಸಲಾನ ಕೂಗತಿದ್ಲು. ಯವ್ವಾ, ನನಗ ಏನೋ ಆಗಾಕತ್ತೈತಿ ಅಂತಿದ್ಲು. ನಾನ ಹೋಗಿ ಬೈದೆ. ಎಲ್ಲಾರೂ ಹಡದಾರ, ಎಲ್ಲಾರೂ ಕಳಕೊಂಡಾರ, ಎದ್ದು ಕಸಾ ಹೊಡಿ ಅಂದೆ. ಆಮ್ಯಾಲ ಎರಡ ಸಲ ಕೂಗಿದ್ಲು. ಆಮ್ಯಾಲ ಒಂದ ಸಲ. ಆಗ ನಾನ ಅಂದೆ, ನೋಡ್ರಿ, ಒಂದ ಸಲ ಕೂಗಾಕತ್ತೈತಿ, ಇದು ಮಗಳಲ್ಲ, ದೆವ್ವ. ನಾನ ಅಂದೆ.”

ಕೋಲು ಕೊಡಿ ಎಂದು ಯಾರನ್ನೂ ಕೂಗಲಿಲ್ಲ. ಗೋಡೆ ಹಿಡಿದುಕೊಂಡು ತಾನೇ ಹೋದಳು. ಬಾಗಿಲ ಮುಂದೆ ನಿಂತು, ಆ ಮನೆ ಮರೆತ ಹೆಸರನ್ನು ಕರೆದಳು.

“ಸಾವಂತ್ರೀ.”

ಒಳಗೆ ಏನೂ ಇಲ್ಲ.

“ಸಾವಂತ್ರೀ.”

ಬಾಗಿಲಿನ ಆಚೆಗೆ ಯಾರೋ ಬಂದು ನಿಂತ ಹಾಗಾಯಿತು. ಉಸಿರು ಕೇಳಿಸಿತು. ಉತ್ತರವಿಲ್ಲ.

“ಸಾವಂತ್ರೀ, ನನ್ನ ಮಗಳ.”

“ಓ, ಯವ್ವಾ.”

ತಿಳಿಯಿತೇ ನಿಮಗೆ? ಅವಳೂ ಅದೇ ಮನೆಯ ಮಗಳು. ಅವಳೂ ಮೂರನೆಯ ಕೂಗಿಗೆ ಕಾಯುತ್ತಿದ್ದಳು. ಅಷ್ಟು ಕಾಲ ಕತ್ತಲಲ್ಲಿ ಕೂತವಳಿಗೆ ಹೊರಗೆ ಓಡಾಡುವವರು ಯಾರಾಗಿ ಕಂಡಿರಬೇಕು? ಓಗೊಡದವರು, ಹೆಸರು ಹೇಳದವರು, ಬಾಗಿಲ ಸಂದಿಯಿಂದ ತಟ್ಟೆ ಸರಿಸಿ ಹೋಗುವ ಕೈಗಳು. ದೆವ್ವ ಹೊರಗಿದೆ ಎಂದು ಅವಳು ತಿಳಿದಿದ್ದಳು. ತಪ್ಪೇನು ಹೇಳಿ?

ಚಿಲಕ ತೆಗೆದವನು ಸಾಹುಕಾರ. ತುಕ್ಕು ಹಿಡಿದಿತ್ತು, ಕೈ ಕುಯ್ದುಕೊಂಡ. ಮರುದಿನ ಅನುವಾದಕಿಯೇ ಜೊತೆಗೆ ನಿಂತು ಜಿಲ್ಲಾ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದಳು. ಸಾವಂತ್ರಿ ಒಂದೇ ದಿನದಲ್ಲಿ ಸರಿಹೋದಳು ಎಂದು ಹೇಳಿದರೆ ನಾನು ಸುಳ್ಳುಗಾರ. ಗುಳಿಗೆ ನುಂಗಿದಳು, ಅತ್ತಳು, ಎಷ್ಟೋ ದಿನ ಮತ್ತೆ ಗೋಡೆ ನೋಡುತ್ತ ಕೂತಳು. ಆದರೆ ಒಮ್ಮೆ ಕೂಗಿದರೆ ಯಾರೋ ಒಬ್ಬರು ಓ ಅನ್ನುತ್ತಿದ್ದರು. ನಿಧಾನವಾಗಿ ಎದ್ದಳು.

ಈಗ ನಿಮ್ಮ ಮನೆಗೆ ಬರೋಣ. ನಮ್ಮಲ್ಲಿ ಅಂಥ ಕೋಣೆ ಇಲ್ಲ ಸ್ವಾಮಿ ಅನ್ನುತ್ತೀರಿ. ಇಲ್ಲವೇ? ಬಾಣಂತಿ ಸೊಸೆ ಒಮ್ಮೆ ಹೇಳಿದಳು, ‘ಯಾಕೋ ಏನೂ ಬೇಡ ಅನಿಸುತ್ತದೆ.’ ನೀವು ಏನು ಅಂದಿರಿ? ತಮ್ಮ ಒಮ್ಮೆ ಹೇಳಿದ, ‘ನನ್ನ ಕೈಲಾಗುತ್ತಿಲ್ಲ.’ ನೀವು ಟಿ.ವಿ. ದನಿ ಹೆಚ್ಚಿಸಿದಿರಿ. ಅದೇ ಕೋಣೆ. ಅದೇ ಚಿಲಕ.

ಮೂರನೆಯ ಕೂಗಿಗೆ ಕಾಯಬೇಡಿ. ಒಂದೇ ಸಲ ಹೇಳಿದರೆ ಸಾಕು, ಒಲೆ ಆರಿಸಿ ಹೋಗಿ, ಫೋನು ಕೆಳಗಿಟ್ಟು ಹೋಗಿ, ಹತ್ತಿರ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ. ಜ್ವರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀರಲ್ಲ, ಹಾಗೇ ಕರೆದುಕೊಂಡು ಹೋಗಿ, ತಲೆ ತಗ್ಗಿಸದೆ. ಹೆಸರು ಹಿಡಿದು ಕರೆಯಿರಿ. ಭಯವಾದರೆ ಆಗಲಿ. ಆ ಅನುವಾದಕಿಗೂ ಆಗಿತ್ತು.

ಪ್ರಸಾದಕ್ಕೆ ಇನ್ನೂ ಹೊತ್ತಿದೆ. ಮನೆಯಲ್ಲಿ ಅಂಥವರನ್ನು ಬಿಟ್ಟು ಬಂದವರು ಯಾರಾದರೂ ಇದ್ದರೆ ಕೂತುಕೊಳ್ಳಬೇಡಿ, ಈಗಲೇ ಹೊರಡಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಪಾಲು ತೆಗೆದಿಟ್ಟಿರುತ್ತೇವೆ.

ಹಾಂ, ಆ ಕಂಬದ ಹತ್ತಿರ ಒಬ್ಬ ತಾಯಿ ಎದ್ದರು. ಯಾರೂ ತಿರುಗಿ ನೋಡಬೇಡಿ. ದಾರಿ ಬಿಡಿ ಅವರಿಗೆ.